ಹವಳ ಮತ್ತು ರಕ್ತ

ನಮ್ಮಲ್ಲಿ ಹಲವರ ತಾಳಿಸರದಲ್ಲಿ ಕೆಂಪು ಹವಳ ಇರುತ್ತದೆ. ಹವಳ ಅಂದರೆ ಕಲ್ಲು ಅಂದುಕೊಳ್ಳುತ್ತೇವೆ. ಅದು ಕಲ್ಲಲ್ಲ. ಸಮುದ್ರದೊಳಗಿನ ಸಣ್ಣ ಸಣ್ಣ ಜೀವಿಗಳಿಂದ ಅದು ಆಗುತ್ತದೆ. ಗಿಡದ ಕೊಂಬೆಯ ಹಾಗೆ ನಿಧಾನವಾಗಿ ಬೆಳೆಯುತ್ತದೆ. ಮೊಟ್ಟೆಯ ಚಿಪ್ಪಿನಲ್ಲಿರುವ ಸುಣ್ಣವೇ ಹವಳದಲ್ಲೂ ಇದೆ. ಅದಕ್ಕೇ ನಿಂಬೆರಸ ತಾಗಿದರೆ ಹೊಳಪು ಹೋಗುತ್ತದೆ.

ಕೆಂಪು ಹವಳ ಇಟಲಿ ದೇಶದ ಕಡೆಯ ಸಮುದ್ರದಲ್ಲಿ ಸಿಗುತ್ತದೆ. ಸುಮಾರು 2000 ವರ್ಷಗಳ ಹಿಂದೆಯೇ ಹಡಗಿನಲ್ಲಿ ನಮ್ಮ ದೇಶಕ್ಕೆ ಬರುತ್ತಿತ್ತು. ನವರತ್ನಗಳಲ್ಲಿ ಅದೂ ಒಂದು.

ಹವಳ ಕುಜನ ರತ್ನ ಅಂತಾರೆ. ಹವಳದ ಉಂಗುರ ಹಾಕಿದರೆ ರಕ್ತ ಹೆಚ್ಚುತ್ತದೆ ಅಂತಾರೆ. ಹವಳ ಕೆಂಪು, ರಕ್ತವೂ ಕೆಂಪು, ನಿಜ. ಆದರೆ ಬೆರಳಿನ ಉಂಗುರದಿಂದ ಮೈಯಲ್ಲಿ ರಕ್ತ ಹೆಚ್ಚುವುದಿಲ್ಲ. ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಸೊಪ್ಪು, ಕಾಳು, ಮಾಂಸದಲ್ಲಿ ಅದು ಇದೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ ತಿಂದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ.

ಸ್ವಲ್ಪ ಕೆಲಸಕ್ಕೇ ಸುಸ್ತು, ಏದುಸಿರು ಬರುತ್ತದೆಯೇ? ಕಣ್ಣಿನ ರೆಪ್ಪೆಯ ಒಳಗೆ ಬಿಳಿಚಿಕೊಂಡಿದೆಯೇ? ಸಾಲ ಮಾಡಿ ಉಂಗುರ ಮಾಡಿಸುವುದು ಬೇಡ. ಸರಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ. ಬಸುರಿಯರಿಗೆ ಅಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ ಕೊಡುತ್ತಾರೆ. ತಪ್ಪದೆ ನುಂಗೋಣ.

ಹವಳವನ್ನು ಚೆಂದಕ್ಕೆ ಹಾಕಿಕೊಳ್ಳೋಣ. ರಕ್ತಕ್ಕೆ ಸೊಪ್ಪು ತಿನ್ನೋಣ.