ಘಾಟಿಯಲ್ಲಿ ಕೈಕೊಡುವ 'ಪವರ್ ಡಬ್ಬ'! ಗ್ಯಾರೇಜಿನಲ್ಲಿ ಮಾತ್ರ ಸಾಧು!!

ಮಳೆಗಾಲದ ಸಂಜೆ. ಮಣಿಪಾಲದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಅಜ್ಜಿಯೊಬ್ಬರನ್ನು ಕೂರಿಸಿಕೊಂಡ ತೀರ್ಥಹಳ್ಳಿ ಕಡೆಯ ಟ್ಯಾಕ್ಸಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿತ್ತು. ಒಟ್ಟು 14 ತಿರುವು. ಅರ್ಧ ಹತ್ತಿರಬಹುದು, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಆಕ್ಸಿಲರೇಟರ್ ಪೂರಾ ತುಳಿದರೂ ಗಾಡಿ ಏಳಲೊಲ್ಲದು. ಮುಂದೆ ಮಂಜು, ಪಕ್ಕದಲ್ಲಿ ಕಣಿವೆ, ಹಿಂದೆ ಮಿನಿ ಬಸ್ಸಿನ ಹಾರನ್ನು!

ಚಾಲಕ ಎಂಜಿನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಏನೂ ಆಗಿಯೇ ಇಲ್ಲವೆಂಬಂತೆ ಗಾಡಿ ಓಡಿತು.

"ಇದು ಮೂರನೇ ಸಲ ಸ್ವಾಮಿ. ಗ್ಯಾರೇಜಿಗೆ ತಗೊಂಡ್ಹೋದ್ರೆ ಮಾತ್ರ ಏನೂ ತೊಂದ್ರೆ ಇರಲ್ಲ. ಮಗನ ಮುಂದೆ ಒಳ್ಳೆಯವಳಾಗೋ ಅತ್ತೆ ಥರ" ಎಂಬುದು ಆತನ ಅಳಲು.

ಕಾಯಿಲೆ ಗೊತ್ತಿಲ್ಲ, ಔಷಧಿ ಮಾತ್ರ ನಡೆದೇ ಇತ್ತು. ಡೀಸೆಲ್ ಫಿಲ್ಟರ್ ಹೊಸದಾಯಿತು. ಪ್ರೆಷರ್ ಸೆನ್ಸರ್ ಹೊಸದಾಯಿತು. ಕೊನೆಗೆ ಪಂಪ್ ಬಿಚ್ಚುವ ಮಾತು ಬಂತು. ಪಂಪ್ ಎಂದರೆ ಹತ್ತಾರು ಸಾವಿರದ ಬಾಬತ್ತು. ದಿನದ ಬಾಡಿಗೆ ನಂಬಿದವನ ಎದೆ ಧಸಕ್ಕೆನ್ನದೆ ಇದ್ದೀತೇ?

ಆಗ ಶಿವಮೊಗ್ಗದ ಹಳೇ ಎಲೆಕ್ಟ್ರಿಷಿಯನ್ ಒಬ್ಬರು ಬಾನೆಟ್ ಎತ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಏನಪ್ಪಾ ಇದು ಡಬ್ಬ?"

ಸುಳ್ಳು ಹೇಳುವ ಡಬ್ಬ

ಅದು 'ಟ್ಯೂನಿಂಗ್ ಬಾಕ್ಸ್'. ಪಿಕಪ್ ಹೆಚ್ಚುತ್ತದೆಂದು ಡೀಸೆಲ್ ಕಾರುಗಳಿಗೆ ಹೊರಗಿನಿಂದ ತಂದು ಹಾಕಿಸುವ ಸಾಧನ. ಇದರ ಗುಟ್ಟು ಬಲು ಸರಳ. ಎಂಜಿನ್ನಿನ ಡೀಸೆಲ್ ರೈಲಿನಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದಕ್ಕೆ ಮೂರು ವೈರು. ಒಂದರಲ್ಲಿ 5 ವೋಲ್ಟ್ ಕರೆಂಟು, ಇನ್ನೊಂದು ಅರ್ಥ್, ಮೂರನೆಯದು ಎಂಜಿನ್ನಿನ ಕಂಪ್ಯೂಟರಿಗೆ ಸುದ್ದಿ ಒಯ್ಯುವ ವೈರು. ಒತ್ತಡ ಏರಿದಂತೆ ಆ ಮೂರನೇ ವೈರಿನ ವೋಲ್ಟೇಜೂ ಸುಮಾರು ಅರ್ಧದಿಂದ ನಾಲ್ಕೂವರೆವರೆಗೆ ಏರುತ್ತದೆ.

ಡಬ್ಬ ಇವರಿಬ್ಬರ ಮಧ್ಯೆ ಕೂತು ಸುಳ್ಳು ಹೇಳುತ್ತದೆ. ಇರುವುದಕ್ಕಿಂತ ಒತ್ತಡ ಕಡಿಮೆ ಇದೆ ಎನ್ನುತ್ತದೆ. ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತದೆ, ಎಂಜಿನ್ನಿಗೆ ಹೆಚ್ಚು ಡೀಸೆಲ್ ಬೀಳುತ್ತದೆ, ಪಿಕಪ್ ಬರುತ್ತದೆ. ಆದರೆ ಮೊದಲು ಒಂದು ಕಪ್ಲರ್ ಇದ್ದ ಕಡೆ ಈಗ ಮೂರು ಕಪ್ಲರ್. ಅಷ್ಟೂ ಎಂಜಿನ್ನಿನ ಬಿಸಿ, ನಡುಕ, ಮಳೆನೀರಿನ ನಡುವೆ! ಒಂದು ಪಿನ್ ಕ್ಷಣಕಾಲ ಬಿಟ್ಟರೂ ಸಾಕು. ಕಂಪ್ಯೂಟರ್ ಗಾಬರಿಯಾಗಿ, ಎಂಜಿನ್ ಉಳಿಸಿಕೊಳ್ಳಲು ಶಕ್ತಿ ಕಡಿತ ಮಾಡಿಬಿಡುತ್ತದೆ.

ಕಳ್ಳ ಸಿಕ್ಕ ಬಗೆ

ಎಲೆಕ್ಟ್ರಿಷಿಯನ್ ಮೊದಲು ಸ್ಕ್ಯಾನರ್ ಹಾಕಿ ಕೋಡ್ ಬರೆದಿಟ್ಟುಕೊಂಡರು. ಪಿ-0194. ಅಂದರೆ ರೈಲ್ ಪ್ರೆಷರ್ ಸೆನ್ಸರಿನ ಸರ್ಕ್ಯೂಟು ಬಿಟ್ಟು ಬಿಟ್ಟು ಕೈಕೊಡುತ್ತಿದೆ ಎಂದರ್ಥ. ಕಂಡ ಕೂಡಲೇ ಕೋಡ್ ಅಳಿಸಿದರೆ ಸಾಕ್ಷಿಯೇ ಅಳಿಸಿದಂತೆ!

ಆಮೇಲೆ ಡಬ್ಬ ಕಳಚಿ, ಕಂಪನಿಯ ವೈರಿಂಗನ್ನು ಮೊದಲಿದ್ದಂತೆ ಸೇರಿಸಿ, "ನಾಲ್ಕು ದಿನ ಓಡ್ಸು, ಘಾಟಿ ಹತ್ತು, ಬಾ" ಎಂದರು. ನಾಲ್ಕು ದಿನವೂ ದೀಪ ಹತ್ತಲಿಲ್ಲ. ಪಂಪು, ಹೊಸ ಸೆನ್ಸರು ಎರಡೂ ನಿರಪರಾಧಿಗಳು!

ಮತ್ತೆ ಡಬ್ಬ ಸೇರಿಸಿ, ಎಂಜಿನ್ ಬಿಸಿ ಮಾಡಿ, ಸ್ಕ್ಯಾನರಿನ ಅಂಕಿ ನೋಡುತ್ತಾ ವೈರುಗಳನ್ನು ಗೇಣು ಗೇಣಿಗೆ ಅಲ್ಲಾಡಿಸಿದರು. ಒಂದು ಕಡೆ ಮೆಲ್ಲಗೆ ಎಳೆದಾಗ ಅಂಕಿ ಎಗರಿತು. ಕಪ್ಲರ್ ಬಿಚ್ಚಿದರೆ ಅರ್ಥ್ ವೈರಿನ ಪಿನ್ ಲಾಕ್ ಆಗದೆ ಹಿಂದೆ ಸರಿದಿದೆ! ತುದಿಯಷ್ಟೇ ತಾಗುತ್ತಿದೆ, ಮೇಲೆ ಹಸಿರು ಕಿಲುಬು.

ಘಾಟಿಯಲ್ಲೇ ಏಕೆ ಕೈಕೊಡುತ್ತಿತ್ತು? ಸೆನ್ಸರ್ ಇರುವುದು ಎಂಜಿನ್ನಿನ ಮೇಲೆ, ಡಬ್ಬ ಕಟ್ಟಿದ್ದು ಬಾಡಿಗೆ. ಏರಿನಲ್ಲಿ ಲೋಡ್ ಬಿದ್ದಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ವಾಲುತ್ತದೆ. ಸಡಿಲ ಬಿಡದೆ ಬಿಗಿದು ಕಟ್ಟಿದ ವೈರು ಆಗ ಜಗ್ಗುತ್ತದೆ, ಪಿನ್ ಬಿಡುತ್ತದೆ. ಗ್ಯಾರೇಜಿನಲ್ಲಿ ನಿಂತ ಗಾಡಿಗೆ ಲೋಡೆಲ್ಲಿ, ಜಗ್ಗಾಟವೆಲ್ಲಿ?

ಹೊಸ ಪಿನ್ ಹಾಕಿ, ವೈರಿಗೆ ಸಡಿಲ ಬಿಟ್ಟು, ನೀರು ನಿಲ್ಲದಂತೆ ಕಪ್ಲರಿನ ಮುಖ ಕೆಳಗೆ ಮಾಡಿದಾಗ ಕೆಲಸ ಮುಗಿದಿತ್ತು. ಪಂಪಿನ ಬೆಲೆಯ ಮುಂದೆ ಈ ಖರ್ಚು ಕಾಫಿ ತಿಂಡಿಯ ಲೆಕ್ಕ.

ಗಾಡಿಯವರು ಗಮನಿಸಿ

ಬಂದು ಹೋಗುವ ಕಾಯಿಲೆ ಬಹುಪಾಲು ಜಾಯಿಂಟಿನದು, ಸಾಮಾನಿನದಲ್ಲ. ಜಾಯಿಂಟ್ ನೋಡದೆ ಸಾಮಾನು ಬದಲಿಸಬೇಡಿ.

ಮೀಟರ್ 'ಬೀಪ್' ಎಂದರೆ ವೈರು ಸರಿ ಇದೆಯೆಂದು ನಂಬಬೇಡಿ. ಒಂದೇ ಎಳೆ ಉಳಿದ ವೈರೂ ಬೀಪ್ ಎನ್ನುತ್ತದೆ. ಎಂಜಿನ್ ಓಡುವಾಗ ಡಬ್ಬದ ಅರ್ಥಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥನ್ನು ಅನುಮಾನಿಸಿ.

ಮೀಟರಿನ ದಪ್ಪ ಮುಳ್ಳನ್ನು ಕಪ್ಲರಿನ ಬಾಯಿಗೆ ತುರುಕಬೇಡಿ. ಪಿನ್ ಅಗಲವಾಗಿ ಹೊಸ ರೋಗ ಶುರುವಾಗುತ್ತದೆ.

ಡೀಸೆಲ್ ರೈಲಿನ ಪೈಪಿಗಂತೂ ಕೈ ಹಚ್ಚಲೇಬೇಡಿ. ಕಾರಿನ ಟೈರಿನ ಗಾಳಿ ಸುಮಾರು 2 ಬಾರ್. ಈ ಪೈಪಿನಲ್ಲಿ ಒತ್ತಡ 1,600 ಬಾರ್ ದಾಟುವುದುಂಟು. ಚಿಮ್ಮಿದ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗುತ್ತದೆ.

ಇನ್ನು ಕಾನೂನಿನ ಮಾತು. ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಗಾಡಿ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ 182-ಎ ಕಲಮಿನಂತೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಡಬ್ಬ ಮಾರುವವರು ಇಷ್ಟೆಲ್ಲ ಬಿಡಿಸಿ ಹೇಳುವರೇ?

ವೈರಿಂಗ್ ಸರಿಯಾದ ಮೇಲೆ ಚಾಲಕ ಕೇಳಿದನಂತೆ: "ಅಣ್ಣಾ, ಇನ್ನು ಡಬ್ಬ ಇಟ್ಕೋಬಹುದಲ್ಲ?"

"ಪಿನ್ ನಾನು ಸರಿ ಮಾಡ್ದೆ ಮರೀ. ಮುಂದಿನ ಮಳೆಗಾಲಕ್ಕೆ ಗ್ಯಾರಂಟಿ ಯಾರು ಕೊಡ್ತಾರೆ? ಹಿಂದಿನ ಸೀಟಲ್ಲಿ ಕೂತಿರೋರನ್ನ ಒಂದ್ಸಲ ನೋಡ್ಕೊಂಡು ನೀನೇ ತೀರ್ಮಾನ ಮಾಡು."

ಡಬ್ಬ ಈಗ ಚಾಲಕನ ಮನೆಯ ಅಟ್ಟದ ಮೇಲಿದೆ. ಪಿಕಪ್ ಸ್ವಲ್ಪ ಕಮ್ಮಿಯಂತೆ. ಆದರೆ 14 ತಿರುವನ್ನೂ ಗಾಡಿ ಒಂದೇ ಉಸಿರಿಗೆ ಹತ್ತುತ್ತಿದೆ!