ಸಿಂಪರಣೆಯ ಡ್ರೋನು ಮತ್ತು ಆಕಾಶದ ಕಾವಲು

ಭತ್ತದ ಗದ್ದೆಗೆ ಔಷಧಿ ಸಿಂಪಡಿಸುವ ಡ್ರೋನು ಈಗ ಹಳ್ಳಿಗೂ ಬಂದಿದೆ. ಹತ್ತು ಲೀಟರು ದ್ರಾವಣ ಹೊರುವ ಯಂತ್ರ ದುಷ್ಟರ ಕೈಗೆ ಸಿಕ್ಕರೆ ಮದ್ದುಗುಂಡನ್ನೂ ಹೊತ್ತೀತು. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನಿನಿಂದ ಬಾಂಬು ಬಿದ್ದದ್ದು ರೈತ ಬಾಂಧವರಿಗೆ ನೆನಪಿರಬಹುದು. ಪಂಜಾಬಿನ ಗಡಿಯಲ್ಲಂತೂ ಡ್ರೋನು ತಂದ ಹೆರಾಯಿನ್ ಕಟ್ಟುಗಳು ರೈತರ ಹೊಲದಲ್ಲೇ ಸಿಕ್ಕಿವೆ.

ಹೀಗಾಗಿ ಸರ್ಕಾರ ಒಂದೆಡೆ ಡ್ರೋನು ತಯಾರಿಕೆಗೆ 2021ರಲ್ಲಿ 120 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆ ತಂದರೆ, ಇನ್ನೊಂದೆಡೆ ಅದನ್ನು ತಡೆಯುವ ಸಂಶೋಧನೆಗೂ ಹಣ ತೊಡಗಿಸಿದೆ. ಡಿ.ಆರ್.ಡಿ.ಒ. ರೂಪಿಸಿದ ತಡೆ ಸಾಧನವನ್ನು ನಮ್ಮ ಬೆಂಗಳೂರಿನ ಬಿ.ಇ.ಎಲ್. ತಯಾರಿಸುತ್ತದೆ. 2021ರ ಆಗಸ್ಟಿನಲ್ಲಿ ನೌಕಾಪಡೆ ಇದಕ್ಕಾಗಿ ಒಪ್ಪಂದ ಮಾಡಿಕೊಂಡಿತು.

ಇದರ ಕೆಲಸ ಹೀಗೆ: ರಾಡಾರು ದೂರದಿಂದಲೇ ಡ್ರೋನನ್ನು ಪತ್ತೆ ಹಚ್ಚುತ್ತದೆ, ಕ್ಯಾಮೆರಾ ಗುರುತಿಸುತ್ತದೆ. ಬಳಿಕ ಹಾರಿಸುವವನ ರೇಡಿಯೋ ಸಂಕೇತವನ್ನೂ ದಾರಿ ತೋರುವ ಉಪಗ್ರಹ ಸಂಕೇತವನ್ನೂ ಕೆಡಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಲೇಸರ್ ಕಿರಣದಿಂದ ಸುಡುತ್ತದೆ. ಬಂದದ್ದು ರೈತನ ಡ್ರೋನೋ ವೈರಿಯದೋ ಎಂದು ಸಂಕೇತ ಕೆಡಿಸುವ ಯಂತ್ರ ಕೇಳುವುದಿಲ್ಲ! ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಸಾಲ ಮಾಡಿ ಕೊಳ್ಳುವವರು ಇದನ್ನು ತಿಳಿದಿರಬೇಕು.

ಆದುದರಿಂದ ಕೊಳ್ಳುವ ಮೊದಲೇ ಹೊಲ ಯಾವ ವಲಯದಲ್ಲಿದೆ ಎಂದು ವಾಯುಪ್ರದೇಶದ ನಕ್ಷೆಯಲ್ಲಿ ನೋಡಿಸಿಕೊಳ್ಳಿ. ಹಸಿರು ವಲಯದಲ್ಲಿ ಹಾರಿಸಲು ಅನುಮತಿ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿನೊಳಗೆ ಹೊಲವಿದ್ದರೆ ಅನುಮತಿ ಪಡೆಯತಕ್ಕದ್ದು. ಸಿಂಪರಣೆಯ ಡ್ರೋನಿಗೆ ನೋಂದಣಿ ಸಂಖ್ಯೆಯೂ ಹಾರಿಸುವವರಿಗೆ ತರಬೇತಿಯ ಪ್ರಮಾಣಪತ್ರವೂ ಇರಬೇಕು. ಬಾಡಿಗೆಗೆ ಕರೆಸುವವರು ಈ ಎರಡನ್ನೂ ಮೊದಲು ಕೇಳಿ ನೋಡಿ, ಆಮೇಲೆ ಔಷಧಿ ಬೆರೆಸಿರಿ.