ಯುದ್ಧಕ್ರೌರ್ಯಕ್ಕೆ ಶಾಸನಗಳ ಸಾಕ್ಷ್ಯ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ರಾಜಧಾನಿಯಾಗಿದ್ದಿತು. ಕದಂಬ ರವಿವರ್ಮನು ವಿಷ್ಣುವರ್ಮನೇ ಮೊದಲಾದ ಅರಸರನ್ನು ಕೊಂದು, ಕಾಂಚಿಯ ಒಡೆಯನಾದ ಚಂಡದಂಡನನ್ನು ಕಿತ್ತೊಗೆದು ಪಲಾಶಿಕೆಯಲ್ಲಿ ನೆಲೆನಿಂತನೆಂದು ಅಲ್ಲಿ ದೊರೆತ ತಾಮ್ರಪಟವೊಂದು ಸಾರುತ್ತದೆ. ಕೊಲೆಯಾದ ವಿಷ್ಣುವರ್ಮನೂ ಕದಂಬ ಕುಲದವನೇ. ಆ ಕಾಳಗದಲ್ಲಿ ಊರುಗಳ ಗತಿ ಏನಾಯಿತೆಂಬ ವಿಷಯದಲ್ಲಿ ಮಾತ್ರ ಪಟವು ಮೌನವಾಗಿದೆ. ಅದರ ಉದ್ದೇಶ ಜಿನೇಂದ್ರನಿಗೆ ಬಿಟ್ಟ ಭೂಮಿಯನ್ನು ದಾಖಲಿಸುವುದು. ಯುದ್ಧವು ದಾನಿಯ ಬಿರುದಿನಂತೆ ಬಂದುಹೋಗುತ್ತದೆ. ನಮ್ಮ ಪ್ರಶಸ್ತಿಗಳಲ್ಲಿ ಹೆಚ್ಚಿನವು ಇದೇ ರೀತಿಯವು.

ಸುಮಾರು 500 ವರ್ಷಗಳ ತರುವಾಯ, ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ, ಈ ಮೌನವು ಮುರಿಯುತ್ತದೆ. ಶಕ 929ರ (ಕ್ರಿ.ಶ. 1007-08) ಆ ಶಾಸನವು ಚಾಲುಕ್ಯ ಇರಿವಬೆಡಂಗ ಸತ್ಯಾಶ್ರಯನ ಕಾಲದ್ದು. ಚೋಳನು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ದೋಣವೂರಿನಲ್ಲಿ ಬೀಡುಬಿಟ್ಟು, ನಾಡನ್ನು ಸೂರೆಗೊಂಡು, ಹೆಂಗಸರು, ಮಕ್ಕಳು, ಬ್ರಾಹ್ಮಣರನ್ನು ಕೊಂದು, ಹೆಣ್ಣುಗಳನ್ನು ಸೆರೆಹಿಡಿದು ಅವರ ಕುಲಗೆಡಿಸಿದನೆಂದು ಅದು ಹೇಳುತ್ತದೆ. ಬಳಿಕ ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿ ‘ತಿಗುಳಮಾರಿ’ ಎನಿಸಿದನಂತೆ.

ಇದನ್ನು ಎಷ್ಟರಮಟ್ಟಿಗೆ ನಂಬಬೇಕು? ಒಂಬತ್ತು ಲಕ್ಷವು ಕವಿಯ ಎಣಿಕೆಯೇ ಹೊರತು ದಂಡನಾಯಕನದಲ್ಲ. ಶತ್ರುವನ್ನು ಪಾಪಿಯನ್ನಾಗಿಸಿದಷ್ಟೂ ಅರಸನ ಕೀರ್ತಿ ಬೆಳೆಯುವುದೆಂಬುದೂ ನಿಜ. ಆದರೆ ಚೋಳರ ಕಡೆಯ ಸಾಕ್ಷ್ಯವನ್ನೂ ನೋಡಬೇಕು. ದಾರಾಸುರಂನಲ್ಲಿ ದೊರೆತ ದ್ವಾರಪಾಲಕನ ವಿಗ್ರಹದ ಮೇಲೆ, ಕಲ್ಯಾಣಪುರವನ್ನು ಸುಟ್ಟು ವಿಜಯರಾಜೇಂದ್ರನು ಇದನ್ನು ತಂದನೆಂಬ ತಮಿಳು ಲಿಪಿಯಿದೆ. ಅದು ನಂತರದ ದಾಳಿಯ ಮಾತು. ಆದರೂ ಊರು ಸುಡುವುದು ಶತ್ರುಗಳು ಹೊರಿಸಿದ ಅಪವಾದ ಮಾತ್ರವಾಗಿರದೆ, ಗೆದ್ದವರೇ ಹೇಳಿಕೊಳ್ಳುತ್ತಿದ್ದ ಹೆಮ್ಮೆಯೂ ಆಗಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ. ಆದಕಾರಣ ಹೊಟ್ಟೂರಿನ ಸಂಖ್ಯೆಯನ್ನು ಬಿಟ್ಟು ಸಂಗತಿಯನ್ನು ಉಳಿಸಿಕೊಳ್ಳುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ಇನ್ನು ನ್ಯಾಯದ ಮಾತು. 1071-72ರ ಗಾವರವಾಡ-ಅಣ್ಣಿಗೇರಿ ಶಾಸನವು ಈ ದೃಷ್ಟಿಯಿಂದ ಅಪೂರ್ವವಾದುದು. ಚೋಳನು ಬೆಳ್ವೊಲ ನಾಡನ್ನು ಹೊಕ್ಕು ಜಿನಾಲಯಗಳನ್ನು ಸುಟ್ಟುದು, ಆ ಪಾಪದ ಫಲವಾಗಿ ತ್ರೈಲೋಕ್ಯಮಲ್ಲನಿಗೆ ತಲೆಯೊಪ್ಪಿಸಿದುದು ಅಲ್ಲಿ ನಿರೂಪಿತವಾಗಿವೆ. ರಾಜಾಧಿರಾಜ ಚೋಳನು 1054ರಲ್ಲಿ ಕೊಪ್ಪಂ ಕಾಳಗದಲ್ಲಿ ಮಡಿದುದು ಚರಿತ್ರೆಗೆ ತಿಳಿದ ಸಂಗತಿ. ತರುವಾಯ ಭುವನೈಕಮಲ್ಲನ ಆಳ್ವಿಕೆಯಲ್ಲಿ ಮಹಾಮಂಡಲೇಶ್ವರ ಲಕ್ಷ್ಮರಸನು ಅಣ್ಣಿಗೇರಿಯ ಬಸದಿಯ ಹಳೆಯ ದತ್ತಿಯನ್ನು ಮತ್ತೆ ಊರ್ಜಿತಗೊಳಿಸಿದನು. ಅಪರಾಧ, ದಂಡನೆ, ನಷ್ಟಪರಿಹಾರ, ಮೂರೂ ಒಂದೇ ಕಲ್ಲಿನಲ್ಲಿವೆ. ಆದರೆ ಪರಿಹಾರ ದೊರೆತದ್ದು ಬಸದಿಗೆ. ಭೂಮಿಗೆ ಒಡೆತನದ ಪತ್ರವಿದ್ದಿತು, ಅದನ್ನು ಕೇಳಲು ಆಚಾರ್ಯರಿದ್ದರು. ಹೊಟ್ಟೂರಿನ ಶಾಸನದಲ್ಲಿ ಬರುವ ಸೆರೆಯ ಹೆಂಗಸರಿಗೆ ಹೆಸರೇ ಇಲ್ಲ.

ನಮ್ಮ ಕಾಲದಲ್ಲಿಯೂ ಇದೇ ಪ್ರಶ್ನೆ ಎದ್ದಿತು. 1946ರಿಂದ 1948ರವರೆಗೆ ನಡೆದ ಟೋಕಿಯೋ ನ್ಯಾಯಮಂಡಲಿಯಲ್ಲಿ 11 ನ್ಯಾಯಾಧೀಶರಿದ್ದರು. ಭಾರತದ ರಾಧಾಬಿನೋದ್ ಪಾಲರು ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು ಭಿನ್ನತೀರ್ಪನ್ನಿತ್ತರು. ಗೆದ್ದವರೇ ನಡೆಸುವ ವಿಚಾರಣೆಯಲ್ಲಿ ಅವರಿಗೆ ವಿಶ್ವಾಸವಿರಲಿಲ್ಲ. ಹಾಗಿದ್ದೂ ಜಪಾನೀ ಸೈನಿಕರ ಕ್ರೌರ್ಯಕ್ಕೆ ಪ್ರಬಲ ಸಾಕ್ಷ್ಯವಿದೆಯೆಂದು ಅವರು ಒಪ್ಪಿದ್ದರು. ಸೈನ್ಯವು ಬಲಾತ್ಕಾರವಾಗಿ ಇರಿಸಿಕೊಂಡಿದ್ದ ಸ್ತ್ರೀಯರ ವಿಷಯವನ್ನು ಆ ಮಂಡಲಿಯು ಪ್ರತ್ಯೇಕ ಆರೋಪವಾಗಿ ಎತ್ತಿಕೊಳ್ಳಲೇ ಇಲ್ಲ. 1991ರ ಆಗಸ್ಟ್ 14ರಂದು ಕೊರಿಯದ ಕಿಮ್ ಹಾಕ್-ಸುನ್ ತಮ್ಮ ಹೆಸರು ಹೇಳಿ ಬಹಿರಂಗವಾಗಿ ಸಾಕ್ಷ್ಯ ನುಡಿದರು. ಅದೇ ವರ್ಷ ಟೋಕಿಯೋದಲ್ಲಿ ದಾವೆ ಹೂಡಿದರು. 1997ರಲ್ಲಿ ಅವರು ತೀರಿಕೊಂಡಾಗ ದಾವೆ ಇತ್ಯರ್ಥವಾಗಿರಲಿಲ್ಲ. 2004ರಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ತರಗತಿಯಲ್ಲಿ ಹೊಟ್ಟೂರಿನ ಶಾಸನವನ್ನು ಪಾಠ ಹೇಳುವವರು ‘ತಿಗುಳಮಾರಿ’ಯ ಸಾಲಿಗೆ ಬಂದಾಗ ದಾರಾಸುರಂನ ದ್ವಾರಪಾಲಕನ ಚಿತ್ರವನ್ನೂ ಹಲಸಿಯ ಪಟವನ್ನೂ ಜೊತೆಗಿರಿಸಿಕೊಳ್ಳುವುದು ಒಳ್ಳೆಯದು. ವಿಷ್ಣುವರ್ಮನನ್ನು ಕೊಂದವರು ತಮಿಳರಲ್ಲವಷ್ಟೆ.